ಕಾಲಾಳಿನ ತಲೆಯ ಮೇಲೆ ಯಾರ ವಿಮಾನ?



ಕಲ್ಯಾಣ ಜಂಕ್ಷನ್ ದಾಟಿದ ಮೇಲೆ ರೈಲುಹಾದಿ ಕವಲೊಡೆಯುತ್ತದೆ. ಒಂದು ಕವಲು ಕಸಾರಾ ಘಾಟ್ ಹತ್ತಿ ಇಗತ್‌ಪುರಿ, ದೇವಳಾಲಿ, ನಾಸಿಕಕ್ಕೆ ಹೋಗುತ್ತದೆ. ಇನ್ನೊಂದು ಕರ್ಜತ್, ಲೋಣಾವಳ, ಪುಣೆ, ಸೊಲ್ಲಾಪುರ ಹಾಯ್ದು ಕಲಬುರಗಿಗೆ, ಅಲ್ಲಿಂದ ಬೆಂಗಳೂರಿಗೆ. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೊರಡುವ ಥಾಣೆ, ಡೊಂಬಿವಲಿಯ ಕನ್ನಡಿಗರಿಗೆ ಈ ಎರಡನೆಯದು ತವರಿನ ಹಾದಿ. ನಾನು ಇವತ್ತು ಹೇಳಬೇಕೆಂದಿರುವ ಸಂಗತಿ ಈ ಎರಡೂ ಹಾದಿಗಳ ಮೇಲೆ ಹರಡಿಕೊಂಡಿದೆ.

ನಾಸಿಕದ ಹಾದಿಯಲ್ಲಿ ದೇವಳಾಲಿ ಇದೆ. ಅದು ನಮ್ಮ ಭೂಸೇನೆಯ ಫಿರಂಗಿ ದಳದವರು ಪಾಠ ಕಲಿಯುವ ಊರು. ಅಲ್ಲೇ ಮುಂದೆ ನಾಸಿಕ್ ರೋಡ್‌ನಲ್ಲಿ ಭೂಸೇನೆಯ ಪೈಲಟ್‌ಗಳಿಗೆ ಯುದ್ಧದ ಹಾರಾಟ ಕಲಿಸುವ ಶಾಲೆ 2003ರಿಂದ ನಡೆಯುತ್ತಿದೆ. ಆಚೆ ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆ. ವಾಯುಸೇನೆಯ ಮಿಗ್-27, ಸುಖೋಯ್-30 ವಿಮಾನಗಳು ತಯಾರಾದದ್ದು ಅಲ್ಲಿ. ತವರಿನ ಹಾದಿಯಲ್ಲಿ ಪುಣೆಯ ಲೋಹಗಾಂವ್, ವಾಯುಸೇನೆಯ ಸುಖೋಯ್ ನೆಲೆ. ಹಾದಿಯ ಕೊನೆಗೆ ಬೆಂಗಳೂರು ಮತ್ತು ತುಮಕೂರು, ಭೂಸೇನೆಗೂ ವಾಯುಸೇನೆಗೂ ಹೆಲಿಕಾಪ್ಟರ್ ಮಾಡಿಕೊಡುವ ಊರುಗಳು. ನಮ್ಮ ಸುತ್ತಮುತ್ತಲೂ ಸೇನೆ ಇದೆ. ಥಾಣೆಯ ಕೋಲ್ಶೇತ್ ರಸ್ತೆಯಲ್ಲಿ ವಾಯುಸೇನೆಯ ಠಾಣೆ, ಅಂಬರನಾಥದಲ್ಲಿ ಮದ್ದುಗುಂಡಿನ ಕಾರ್ಖಾನೆ. ಕಲ್ಯಾಣದ ಮಗ್ಗುಲಿನ ನೇವಾಳಿಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ವಿಮಾನದ ಓಡುದಾರಿಗೆಂದು ರೈತರಿಂದ ಪಡೆದ ನೆಲ ಇವತ್ತು ನೌಕಾಪಡೆಯ ವಶದಲ್ಲಿದೆ. ಆ ನೆಲಕ್ಕಾಗಿ ರೈತರು 2017ರ ಜೂನ್‌ನಲ್ಲಿ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು.

ಇಷ್ಟು ಹತ್ತಿರದಲ್ಲಿದ್ದುಕೊಂಡೂ ನಾವು ಅಷ್ಟಾಗಿ ಕೇಳಿಕೊಳ್ಳದ ಒಂದು ಪ್ರಶ್ನೆ ಇದೆ. ಬೆಟ್ಟದ ತಪ್ಪಲಲ್ಲೋ ಮರಳುಗಾಡಿನಲ್ಲೋ ಶತ್ರುವಿನ ಎದುರು ನೆಲಕ್ಕೆ ಅಂಟಿಕೊಂಡು ಮಲಗಿರುವ ಕಾಲಾಳಿಗೆ ಆಕಾಶದಿಂದ ಆಸರೆ ಕೊಡಬೇಕಾದವರು ಯಾರು? ಅವನದೇ ಭೂಸೇನೆಯೋ, ವಾಯುಸೇನೆಯೋ? ನೂರಾರು ಕಿಲೋಮೀಟರ್ ಆಚೆಗೆ ಹೋಗಿ ಶತ್ರುವಿನ ವಿಮಾನ ನೆಲೆಯನ್ನೋ ಸೇತುವೆಯನ್ನೋ ಒಡೆಯುವ ಮಾತು ಇದಲ್ಲ. ನಮ್ಮವರಿಗೂ ಶತ್ರುವಿಗೂ ನಡುವೆ ಕೆಲವು ನೂರು ಮೀಟರ್ ಅಂತರ ಇರುವಾಗ ಆ ಅಂತರದಾಚೆಗೆ ಮಾತ್ರ ಬೆಂಕಿ ಸುರಿಯಬೇಕಾದ ಕೆಲಸ. ಸ್ವಲ್ಪ ತಪ್ಪಿದರೂ ಸಾಯುವವರು ನಮ್ಮ ಮಕ್ಕಳು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವೇಗದ ಯುದ್ಧವಿಮಾನ ವಾಯುಸೇನೆಯ ಕೈಯಲ್ಲೇ ಇರಬೇಕು. ದಾಳಿ ಹೆಲಿಕಾಪ್ಟರ್‌ಗಳು ಮಾತ್ರ, ಒಂದನ್ನೂ ಬಿಡದೆ, ಭೂಸೇನೆಗೆ ಸೇರಬೇಕು. ಇವತ್ತಿನ ಏರ್ಪಾಡು ಹಾಗಿಲ್ಲ. ಅದು ಹಾಗಾಗಬೇಕೆಂದು ನನಗೆ ಏಕೆ ಅನ್ನಿಸುತ್ತದೆ ಎಂಬುದಕ್ಕೆ ನಮ್ಮದೇ ಚರಿತ್ರೆ ಸಾಕು.

ಭಾರತದ ವಾಯುಸೇನೆ ಹುಟ್ಟಿದ್ದೇ ಕಾಲಾಳಿಗೆ ನೆರವಾಗಲಿಕ್ಕೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಪಿಟಿ ವಿಮಾನಗಳೊಂದಿಗೆ ಶುರುವಾದ ಮೊದಲ ಸ್ಕ್ವಾಡ್ರನ್ನಿಗೆ ವಹಿಸಿದ್ದು ಭೂಸೇನೆಯ ಜೊತೆಗೂಡಿ ದುಡಿಯುವ ಕೆಲಸ. ವಾಯವ್ಯ ಗಡಿಯ ಗುಡ್ಡಗಳಲ್ಲಿ ಅದು ಮಾಡಿದ್ದೂ ಅದನ್ನೇ. ಸ್ವಾತಂತ್ರ್ಯ ಬಂದ ಮೇಲೆ ವಾಯುಸೇನೆ ದೊಡ್ಡದಾಯಿತು. ಶತ್ರುವಿನ ಆಕಾಶವನ್ನು ಗೆಲ್ಲುವುದು, ದೂರದ ಗುರಿಗಳನ್ನು ಹೊಡೆಯುವುದು ಅದರ ಮುಖ್ಯ ಹೊಣೆಯಾದವು. ಅದು ಸಹಜವೇ. ಆದರೆ ಈ ನಡುವೆ ಎರಡೂ ಸೇನೆಗಳು ಜೊತೆಯಾಗಿ ತಾಲೀಮು ಮಾಡುವುದು ಹಿಂದೆ ಬಿತ್ತು. 1962ರಲ್ಲಿ ಚೀನಾ ಮೇಲೆ ಬಿದ್ದಾಗ ನಮ್ಮ ಯುದ್ಧವಿಮಾನಗಳನ್ನು ಬಳಸಲೇ ಇಲ್ಲ.

1965ರ ಸೆಪ್ಟೆಂಬರ್ 1. ಜಮ್ಮುವಿನ ಛಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದವು. ಸಂಜೆ ಭೂಸೇನೆಯ ಮುಖ್ಯಸ್ಥ ಜನರಲ್ ಚೌಧುರಿ, ವಾಯುಸೇನೆಯ ಮುಖ್ಯಸ್ಥ ಅರ್ಜನ್ ಸಿಂಗ್ ಇಬ್ಬರೂ ರಕ್ಷಣಾ ಮಂತ್ರಿಯ ಕೋಣೆಗೆ ಹೋದರು. ಮಂತ್ರಿ ನಮ್ಮ ಮಹಾರಾಷ್ಟ್ರದ ಯಶವಂತರಾವ್ ಚವಾಣ್. ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಸಿಕ್ಕಿತು. ಸಂಜೆಗತ್ತಲು ಕವಿಯುವ ಮೊದಲೇ ಪಠಾಣ್‌ಕೋಟ್‌ನಿಂದ ವಿಮಾನಗಳು ಎದ್ದವು. ಅಷ್ಟು ಬೇಗ ನಿರ್ಧಾರವಾದದ್ದಕ್ಕೆ ಚವಾಣರನ್ನು ಮೆಚ್ಚಲೇಬೇಕು. ಆದರೆ ಅಂದು ಆಕಾಶದಲ್ಲಿದ್ದವರಿಗೆ ನೆಲದ ಮೇಲೆ ನಮ್ಮವರು ಯಾರು, ಅವರು ಯಾರು ಎಂದು ಬಿಡಿಸಿ ಹೇಳುವ ವ್ಯವಸ್ಥೆ ಸರಿಯಾಗಿರಲಿಲ್ಲ. ಸಂಜೆಯ ಮಬ್ಬಿನಲ್ಲಿ ನಮ್ಮದೇ ಟ್ಯಾಂಕುಗಳ ಮೇಲೆ, ನಮ್ಮದೇ ಮದ್ದುಗುಂಡಿನ ಗಾಡಿಗಳ ಮೇಲೆ ದಾಳಿಯಾಯಿತು. ಹಳೆಯ ಕಾಲದ ನಾಲ್ಕು ವ್ಯಾಂಪೈರ್ ವಿಮಾನಗಳನ್ನೂ ಅಂದೇ ಕಳೆದುಕೊಂಡೆವು. ಪೈಲಟ್‌ಗಳ ಧೈರ್ಯದಲ್ಲಿ ಕೊರತೆ ಇರಲಿಲ್ಲ. ಎರಡು ಸೇನೆಗಳು ಒಂದೇ ನಕ್ಷೆಯ ಮೇಲೆ, ಒಂದೇ ರೇಡಿಯೋದಲ್ಲಿ ಮಾತಾಡುವ ರೂಢಿ ಬೆಳೆದಿರಲಿಲ್ಲ, ಅಷ್ಟೆ.

ಆ ಯುದ್ಧದ ಕೊನೆಗೆ, ಸೆಪ್ಟೆಂಬರ್ 22ರಂದು, ಪಾಕಿಸ್ತಾನಿ ಭೂಸೇನೆಯ ನೆಲೆಗಳ ಮೇಲೆ ಎರಗಿದ ಒಂದು ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ತಗುಲಿತು. ಹೊರಕ್ಕೆ ಹಾರಿದ ಪೈಲಟ್ ಶತ್ರುವಿನ ಕೈಗೆ ಸಿಕ್ಕಿ ಸೆರೆಯಾದರು. ಅವರು ಕೊಡಗಿನ ಕೆ. ಸಿ. ಕಾರ್ಯಪ್ಪ, ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ತಂದೆಯ ಜೊತೆಗಿನ ಹಳೆಯ ಪರಿಚಯದ ಮೇಲೆ ಮಗನನ್ನು ಬಿಡಿಸುವ ಮಾತಾಡಿದಾಗ, ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡ ಎಂದು ತಂದೆ ತಳ್ಳಿಹಾಕಿದ ಕತೆ ಕನ್ನಡನಾಡಿನ ಮನೆಮನೆಗೆ ಗೊತ್ತು. ನಾನು ಅದನ್ನು ಇನ್ನೊಂದು ಕಾರಣಕ್ಕೆ ನೆನೆಯುತ್ತೇನೆ. ತಂದೆ ಕಾಲಾಳು ಪಡೆಯವರು, ಮಗ ವಾಯುಸೇನೆಯವರು. ಮಗ ಸೆರೆ ಸಿಕ್ಕಿದ್ದು ಕಾಲಾಳಿನ ಯುದ್ಧಕ್ಕಾಗಿ ಕೆಳಕ್ಕೆ ಇಳಿದು ಹಾರಿದಾಗ. ಈ ಕೆಲಸದಲ್ಲಿ ಪೈಲಟ್ ತನ್ನ ಎತ್ತರವನ್ನೂ ಸುರಕ್ಷತೆಯನ್ನೂ ಬಿಟ್ಟುಕೊಟ್ಟು ಬಂದೂಕುಗಳ ಅಳತೆಯೊಳಗೆ ಬರುತ್ತಾನೆ. ವಾಯುಸೇನೆಗೆ ನೆಲದವರ ಮೇಲೆ ಅಕ್ಕರೆಯಿಲ್ಲ ಎಂದು ಸಲೀಸಾಗಿ ಆಡುವವರು ಇದನ್ನು ಮರೆಯಬಾರದು.

1971ರ ಹೊತ್ತಿಗೆ ಪಾಠ ಕಲಿತಿದ್ದೆವು. ಏರ್ ಚೀಫ್ ಮಾರ್ಷಲ್ ಪಿ. ಸಿ. ಲಾಲ್ ಭೂಸೇನೆಯ ದೊಡ್ಡ ಠಾಣೆಗಳಲ್ಲಿ ವಾಯುಸೇನೆಯ ಅಧಿಕಾರಿಗಳನ್ನು ಕೂರಿಸಿದರು. ನೆಲದವರ ಕೋರಿಕೆ ನೇರವಾಗಿ ವಿಮಾನ ನೆಲೆಗೆ ಮುಟ್ಟುವ ದಾರಿ ಮಾಡಿದರು. ಅದರ ಫಲ ಕಂಡದ್ದು ರಾಜಸ್ಥಾನದ ಲೋಂಗೇವಾಲಾದಲ್ಲಿ. ‘ಬಾರ್ಡರ್’ ಸಿನಿಮಾ ನೋಡಿದವರಿಗೆ ಆ ಹೆಸರು ಗೊತ್ತೇ ಇರುತ್ತದೆ. ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಸುಮಾರು 120 ಜನರ ತುಕಡಿಯ ಮೇಲೆ ಪಾಕಿಸ್ತಾನದ ಟ್ಯಾಂಕು ಪಡೆ ಬಂತು. ಜೈಸಲ್ಮೇರ್‌ನಲ್ಲಿದ್ದ ಬೆರಳೆಣಿಕೆಯ ಹಂಟರ್‌ಗಳಿಗೆ ರಾತ್ರಿ ಕಣ್ಣು ಕಾಣಿಸದು. ಬೆಳಗಿನವರೆಗೆ ತಡೆದು ನಿಲ್ಲಿ ಎನ್ನುವುದರ ಹೊರತು ವಾಯುಸೇನೆ ಬೇರೇನೂ ಹೇಳುವಂತಿರಲಿಲ್ಲ. ಅವರು ತಡೆದು ನಿಂತರು. ಬೆಳಕು ಹರಿಯುತ್ತಲೇ ಹಂಟರ್‌ಗಳು ಬಂದವು. ಮರಳಿನಲ್ಲಿ ಮರೆಯಿಲ್ಲದೆ ನಿಂತ ಟ್ಯಾಂಕುಗಳು ತಪ್ಪಿಸಿಕೊಳ್ಳಲು ಗಿರಗಿರನೆ ಸುತ್ತಿದವು. ಆ ಸುತ್ತಾಟದ ಗುರುತುಗಳು ಮರಳ ಮೇಲೆ ಗೀರಾಗಿ ಬಿದ್ದಿದ್ದನ್ನು ಅಂದು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಇಂದಿಗೂ ನೋಡಬಹುದು. 30ಕ್ಕೂ ಹೆಚ್ಚು ಟ್ಯಾಂಕುಗಳು ಅಲ್ಲಿ ಉಳಿದುಹೋದವು.

ಸಿನಿಮಾದ ಗದ್ದಲದಲ್ಲಿ ಒಂದು ಸಣ್ಣ ವಿಮಾನ ಮರೆಯಾಗಿಬಿಟ್ಟಿದೆ. ಅದರ ಹೆಸರು ಕೃಷಕ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು ಅಲ್ಲೇ ತಯಾರಾದ, ಒಂದೇ ಎಂಜಿನ್ನಿನ, ಆಯುಧವೇ ಇಲ್ಲದ ಪುಟ್ಟ ವಿಮಾನ. ಅದನ್ನು ಹಾರಿಸುತ್ತಿದ್ದವರು ವಾಯುಸೇನೆಯವರಲ್ಲ, ಭೂಸೇನೆಯ ಮೇಜರ್ ಆತ್ಮಾ ಸಿಂಗ್. ಫಿರಂಗಿ ಗುಂಡು ಎಲ್ಲಿ ಬಿತ್ತು ಎಂದು ಮೇಲಿನಿಂದ ನೋಡಿ ತಿಳಿಸುವ ಪಡೆಯಿಂದ ಬಂದವರು. ಅವರು ತಗ್ಗಿನಲ್ಲಿ ಸುತ್ತುತ್ತ ಟ್ಯಾಂಕುಗಳು ಎಲ್ಲೆಲ್ಲಿವೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು, ಹಂಟರ್‌ಗಳು ಅಲ್ಲಿಗೆ ಎರಗುತ್ತಿದ್ದವು. ಲೋಂಗೇವಾಲಾ ಗೆಲುವು ಯಾರದ್ದು ಎಂಬ ಜಗಳ ದಶಕಗಟ್ಟಲೆ ನಡೆಯಿತು. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಭೂಸೇನೆಯ ಕಣ್ಣು ನಿಧಾನವಾಗಿ, ತಗ್ಗಿನಲ್ಲಿ, ಗುರಿಯ ಮೇಲೆಯೇ ಇತ್ತು. ವಾಯುಸೇನೆಯ ಕೈ ದೂರದಿಂದ, ವೇಗವಾಗಿ ಬಂತು. ಎರಡಕ್ಕೂ ಬೇಕಾದ ಯಂತ್ರ ಬೇರೆ, ಮನುಷ್ಯರೂ ಬೇರೆ. ನನ್ನ ಇಡೀ ವಾದ ನಿಂತಿರುವುದು ಇದರ ಮೇಲೆ.

ವೇಗ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2024ರ ಅಕ್ಟೋಬರ್ 11ರಂದು ನವಿಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ ಮೊಟ್ಟಮೊದಲು ಇಳಿದದ್ದು ವಾಯುಸೇನೆಯ ಸಿ-295. ಅದೇ ದಿನ ಒಂದು ಸುಖೋಯ್ ಓಡುದಾರಿಯ ಮೇಲೆ ಹಾರಿ ಹೋಯಿತು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿಗೆ 250 ಮೀಟರ್ ದಾಟುತ್ತದೆ. ನಮ್ಮ ಲೋಕಲ್ ರೈಲು ಒಂದೂವರೆ ಎರಡು ನಿಮಿಷ ತೆಗೆದುಕೊಳ್ಳುವ ವಾಶಿ ಖಾಡಿಯ ಸೇತುವೆಯನ್ನು ಅದು ಏಳೆಂಟು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಆ ಏಳೆಂಟು ಸೆಕೆಂಡಿನಲ್ಲಿ, ಸೇತುವೆಯ ಮೇಲಿನ ಯಾವ ಕಂಬದ ಹಿಂದೆ ಶತ್ರು ಕೂತಿದ್ದಾನೆ, ಯಾವ ಕಂಬದ ಹಿಂದೆ ನಮ್ಮವನಿದ್ದಾನೆ ಎಂದು ಪೈಲಟ್ ಕಂಡುಹಿಡಿಯಬೇಕು.

ಆದ್ದರಿಂದಲೇ ನೆಲದಲ್ಲಿ ಒಬ್ಬ ಹೇಳುವವನಿರಬೇಕು. ತಾನೆಲ್ಲಿದ್ದೇನೆ, ಗುರಿ ಯಾವ ದಿಕ್ಕಿಗೆ, ಎಷ್ಟು ಮೀಟರ್ ದೂರ, ಎಷ್ಟು ಎತ್ತರದಲ್ಲಿ, ಅದು ಬಂಕರೋ ಗಾಡಿಯೋ, ಗುರುತಿಗೆ ಯಾವ ಬಣ್ಣದ ಹೊಗೆ ಬಿಟ್ಟಿದ್ದೇನೆ, ವಿಮಾನ ಯಾವ ಕಡೆಯಿಂದ ಬರಬೇಕು, ಹೊಡೆದಾದ ಮೇಲೆ ಯಾವ ಕಡೆಗೆ ತಿರುಗಬೇಕು, ಎಲ್ಲವನ್ನೂ ಅವನು ಗುಂಡಿನ ಸದ್ದಿನ ನಡುವೆ ತಡವರಿಸದೆ ಹೇಳಬೇಕು. ವಿಮಾನ ನಮ್ಮವರ ತಲೆಯ ಮೇಲಿಂದ ಹಾಯ್ದು ಬಾಂಬು ಬಿಟ್ಟರೆ, ಬಾಂಬು ತುಸು ಮೊದಲೇ ಬಿದ್ದರೂ ನಮ್ಮವರ ಮೇಲೆಯೇ ಬಿತ್ತು. ಅದಕ್ಕಾಗಿ ನಮ್ಮ ಸಾಲಿಗೆ ಸಮಾನಾಂತರವಾಗಿ ಬರುವಂತೆ ದಾರಿ ತೋರಿಸುತ್ತಾರೆ. ಇದನ್ನು ಪುಸ್ತಕ ಓದಿ ಕಲಿಯಲಾಗದು. ಹೇಳುವವನೂ ಕೇಳುವವನೂ ತಿಂಗಳುಗಟ್ಟಲೆ ಜೊತೆಯಾಗಿ ತಾಲೀಮು ಮಾಡಿರಬೇಕು.

1999ರಲ್ಲಿ ಕಾರ್ಗಿಲ್‌ನಲ್ಲಿ ಇದೆಲ್ಲ ಮತ್ತೆ ಎದುರಿಗೆ ಬಂತು. ಮೇ ತಿಂಗಳಲ್ಲಿ ಭೂಸೇನೆ ದಾಳಿ ಹೆಲಿಕಾಪ್ಟರ್ ಕೇಳಿತು. ಅವು ಇದ್ದದ್ದು ವಾಯುಸೇನೆಯ ಬಳಿ. ಸೋವಿಯತ್ ಒಕ್ಕೂಟದಿಂದ ತಂದ ಎಂಐ-25, ಎಂಐ-35 ಆ ಎತ್ತರದ ತೆಳುಗಾಳಿಯಲ್ಲಿ ಹಾರಲಾರವು ಎಂದು ವಾಯುಸೇನೆ ಹೇಳಿತು. ಅದು ನಿಜವೂ ಆಗಿತ್ತು. ವಾಯುಬಲ ಬಳಸುವುದಾದರೆ ಸರ್ಕಾರದ ಒಪ್ಪಿಗೆ ಬೇಕು ಎಂದಿತು, ಅದೂ ತಪ್ಪಲ್ಲ. ಒಪ್ಪಿಗೆ ಬಂದು ಮೇ 26ರಂದು ದಾಳಿ ಶುರುವಾಯಿತು. 27ರಂದು ಒಂದು ಮಿಗ್-27, ಒಂದು ಮಿಗ್-21 ಬಿದ್ದವು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಹುತಾತ್ಮರಾದರು, ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆ ಸಿಕ್ಕರು. 28ರಂದು ರಾಕೆಟ್ ಕಟ್ಟಿಕೊಂಡು ಹೋದ ಎಂಐ-17 ಹೆಲಿಕಾಪ್ಟರನ್ನು ಕ್ಷಿಪಣಿ ಹೊಡೆದುರುಳಿಸಿತು. ಅದರಲ್ಲಿದ್ದ ನಾಲ್ವರೂ ಹೋದರು. ಸಾಗಣೆಗೆಂದು ಮಾಡಿದ ಹೆಲಿಕಾಪ್ಟರನ್ನು ಅನಿವಾರ್ಯಕ್ಕೆ ಕದನಕ್ಕೆ ಕಳಿಸಿದ್ದಕ್ಕೆ ತೆತ್ತ ಬೆಲೆ ಅದು. ಆಮೇಲೆ ಹೆಲಿಕಾಪ್ಟರ್ ದಾಳಿ ನಿಂತಿತು. ಮಿರಾಜ್ ಯುದ್ಧವಿಮಾನಗಳು ಎತ್ತರದಲ್ಲಿ ಉಳಿದು ಜೂನ್ 17ರಂದು ಮುಂಥೋ ಧಾಲೋದ ಸರಕಿನ ಬಿಡಾರವನ್ನೂ, 24ರಂದು ಲೇಸರ್ ಬಾಂಬಿನಿಂದ ಟೈಗರ್ ಹಿಲ್‌ನ ಶತ್ರು ನೆಲೆಯನ್ನೂ ಹೊಡೆದವು. ಕಾರ್ಗಿಲ್‌ನಲ್ಲಿ ವಾಯುಸೇನೆಯ ದೊಡ್ಡ ಸಾಧನೆ ಅದು. ಆದರೆ ಕೊನೆಯ 50 ಮೀಟರನ್ನು ಕಾಲಾಳು ಕೈಗುಂಡು ಹಿಡಿದು ತೆವಳಿಕೊಂಡೇ ಗೆಲ್ಲಬೇಕಾಯಿತು.

ಕಲ್ಯಾಣ ಪೂರ್ವದಲ್ಲಿ ನೆಲೆಸಿರುವ, ಗೋಕಾಕ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು ನನಗೆ ಪರಿಚಿತರು. ಕಾರ್ಗಿಲ್ ಯುದ್ಧದ ದಿನಗಳಲ್ಲಿ ದ್ರಾಸ್‌ನಲ್ಲಿದ್ದವರು. ಈ ಭಾಷಣ ಬರೆಯುವ ಮುಂಚೆ ಅವರನ್ನು ಕೇಳಿದೆ. “ಮ್ಯಾಲೆ ನಮ್ಮ ವಿಮಾನದ ಸಪ್ಪಳ ಕೇಳಿದ್ರ ಎದಿಗೆ ಧೈರ್ಯ ಬರ್ತಿತ್ರಿ ಸರ. ಆದ್ರ ಅಂವ ಅಷ್ಟೆತ್ತರದಾಗ, ನಾ ಕಲ್ಲಿನ ಮರೀಗೆ. ನಾ ಒದರಿದ್ದು ಅವಂಗ ಹೆಂಗ ಮುಟ್ಟಬೇಕ್ರಿ?” ಎಂದರು. ಹಾಗಾದರೆ ವಿಮಾನಗಳನ್ನು ಭೂಸೇನೆಗೇ ಕೊಟ್ಟುಬಿಟ್ಟರೆ ಹೇಗೆ ಎಂದೆ. “ಬ್ಯಾಡ್ರಿ. ಅಷ್ಟು ದೊಡ್ಡ ಸಂಸಾರ ನಮ್ಮ ಕೈಲೆ ಆಗೂದಿಲ್ಲ. ಹೆಲಿಕಾಪ್ಟರ್ ಕೊಡ್ರಿ. ರಾತ್ರಿ ನಮ್ಮ ಲಂಗರ್‌ದಾಗ ಉಂಡು, ಮುಂಜಾನೆದ್ದು ನಮ್ಮ ಸಲುವಾಗಿ ಹಾರೂ ಅಂಥಾ ಪೈಲಟ್ ಕೊಡ್ರಿ, ಸಾಕು.”

ವಾಯುಸೇನೆಯವರ ವಾದವನ್ನೂ ಇಡಬೇಕು, ಅದು ಹಗುರವಾದದ್ದಲ್ಲ. ಇರುವ ಯಂತ್ರಗಳು ಕಡಿಮೆ. ಅವನ್ನು ಒಬ್ಬೊಬ್ಬ ಜನರಲ್‌ಗೆ ನಾಲ್ಕು ನಾಲ್ಕು ಹಂಚಿಬಿಟ್ಟರೆ ಎಲ್ಲರಿಗೂ ಕೊಡೆ ಸಿಕ್ಕಂತಾಗಿ ಯಾರಿಗೂ ಸೂರು ಸಿಗುವುದಿಲ್ಲ ಎನ್ನುತ್ತಾರೆ. 1943ರಲ್ಲಿ ಟುನೀಸಿಯದಲ್ಲಿ ಅಮೆರಿಕದವರಿಗೆ ಇದೇ ಅನುಭವವಾಯಿತು. ಆ ವರ್ಷವೇ ಅವರು ವಾಯುಬಲವನ್ನು ಒಂದೇ ಕೈಯಡಿ ತಂದರು. ವಿಮಾನದ ಮಟ್ಟಿಗೆ ಇದು ಸರಿಯಾದ ಮಾತು. ಬೆಳಿಗ್ಗೆ ಪಂಜಾಬಿನಲ್ಲಿ ಬೇಕಾದ ಸುಖೋಯ್ ಮಧ್ಯಾಹ್ನ ಅಸ್ಸಾಮಿನಲ್ಲಿ ಬೇಕಾದರೆ ಹೋಗಬಲ್ಲದು. ಅದನ್ನು ಒಂದು ತುಕಡಿಯ ಜೊತೆ ಕಟ್ಟಿಹಾಕುವುದು ದಂಡ. ಹೆಲಿಕಾಪ್ಟರ್‌ಗೆ ಈ ವಾದ ಅನ್ವಯಿಸುವುದಿಲ್ಲ. ಗಂಟೆಗೆ 250 ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುವ, ಕೆಲವು ನೂರು ಕಿಲೋಮೀಟರಿಗೆ ಇಂಧನ ಮುಗಿಯುವ ಯಂತ್ರ ಹೇಗೂ ತಾನಿರುವ ಕಣಿವೆಯಲ್ಲೇ ಯುದ್ಧ ಮಾಡಬೇಕು. ಅದು ಹಾರುವುದೇನೋ ಹೌದು. ಬದುಕುವುದು ಮಾತ್ರ ನೆಲದವರ ನಡುವೆ. ಅಮೆರಿಕದಲ್ಲಿ 1966ರಲ್ಲೇ ಎರಡು ಸೇನೆಗಳು ಒಪ್ಪಂದ ಮಾಡಿಕೊಂಡವು: ಭೂಸೇನೆ ತನ್ನ ದೊಡ್ಡ ಸಾಗಣೆ ವಿಮಾನಗಳನ್ನು ಬಿಟ್ಟುಕೊಟ್ಟಿತು, ವಾಯುಸೇನೆ ಹೆಲಿಕಾಪ್ಟರ್‌ಗಳ ಮೇಲಿನ ಹಕ್ಕು ಬಿಟ್ಟಿತು. ಬ್ರಿಟನ್ನಿನಲ್ಲಿ ಅಪಾಚೆ ಹೆಲಿಕಾಪ್ಟರ್ ಭೂಸೇನೆಯದು. ಪಾಕಿಸ್ತಾನದ ಕೋಬ್ರಾಗಳೂ ಅಲ್ಲಿಯ ಭೂಸೇನೆಯವೇ.

ನಮ್ಮಲ್ಲಿ ಭೂಸೇನೆಗೆ ತನ್ನದೇ ವೈಮಾನಿಕ ದಳ ಆದದ್ದು 1986ರ ನವೆಂಬರ್ 1ರಂದು. 2012ರಲ್ಲಿ, ಮುಂದೆ ಕೊಳ್ಳುವ ದಾಳಿ ಹೆಲಿಕಾಪ್ಟರ್‌ಗಳು ಭೂಸೇನೆಗೆ ಎಂದು ಸರ್ಕಾರ ತೀರ್ಮಾನಿಸಿತು. ಆದರೆ ಆಗ ಕೊಳ್ಳಲಿದ್ದ 22 ಅಪಾಚೆಗಳು ವಾಯುಸೇನೆಗೆ ಹೋದವು. ಭೂಸೇನೆ ತನ್ನ ಆರು ಅಪಾಚೆಗಳಿಗೆ 2020ರಲ್ಲಿ ಬೇಡಿಕೆ ಇಟ್ಟು, ಮೊದಲ ಮೂರನ್ನು ಕಂಡದ್ದು 2025ರ ಜುಲೈನಲ್ಲಿ. ಮನಸ್ಸುಗಳ ನಡುವಿನ ಅಂತರವೂ ಹಾಗೇ ಇದೆ. 2021ರ ಜುಲೈನಲ್ಲಿ, ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ವಾಯುಸೇನೆಯನ್ನು ಫಿರಂಗಿ ದಳದಂತೆ ಬೆಂಬಲ ಕೊಡುವ ಅಂಗ ಎಂದರು. ವಾಯುಸೇನೆಯ ಆಗಿನ ಮುಖ್ಯಸ್ಥ ಭದೌರಿಯಾ ಅದನ್ನು ಒಪ್ಪಲಿಲ್ಲ. ರಾವತ್ ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ವಿಷಯದಲ್ಲಿ ಭದೌರಿಯಾ ಅವರೇ ಸರಿ. ಶತ್ರುವಿನ ಆಕಾಶವನ್ನು ಮೊದಲು ಯಾರೋ ಗೆದ್ದುಕೊಡದಿದ್ದರೆ ಯಾವ ಹೆಲಿಕಾಪ್ಟರೂ ಏಳಲಾರದು.

ಕಾರ್ಗಿಲ್‌ನ ಎತ್ತರಕ್ಕೆ ಏರಬಲ್ಲ ಯಂತ್ರ ನಮಗಿರಲಿಲ್ಲ ಎಂಬ ಕೊರಗಿನಿಂದಲೇ ಬೆಂಗಳೂರಿನಲ್ಲಿ ಹಗುರ ದಾಳಿ ಹೆಲಿಕಾಪ್ಟರ್ ಹುಟ್ಟಿತು. ಮೊದಲ ಹಾರಾಟ 2010ರ ಮಾರ್ಚ್‌ನಲ್ಲಿ. 5.8 ಟನ್ ತೂಕ, ಒಬ್ಬರ ಹಿಂದೊಬ್ಬರು ಕೂರುವ ಇಬ್ಬರು ಪೈಲಟ್‌ಗಳು, ಮೂತಿಯಲ್ಲಿ 20 ಮಿಲಿಮೀಟರ್ ಗನ್ನು. 2015ರಲ್ಲಿ ಅದು ಸಿಯಾಚಿನ್‌ನ ಎತ್ತರದಲ್ಲಿ ಇಳಿದು ತೋರಿಸಿತು. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ‘ಪ್ರಚಂಡ’ ಎಂಬ ಹೆಸರಿನಲ್ಲಿ ಸೇರಿದ್ದು ವಾಯುಸೇನೆಗೆ. ಮೊದಲ 15ರಲ್ಲಿ ವಾಯುಸೇನೆಗೆ 10, ಭೂಸೇನೆಗೆ 5. 2025ರ ಮಾರ್ಚ್ 28ರಂದು ಇನ್ನೂ 156ಕ್ಕೆ 62,700 ಕೋಟಿ ರೂಪಾಯಿಯ ಒಪ್ಪಂದವಾಯಿತು. ಇದರಲ್ಲಿ 90 ಭೂಸೇನೆಗೆ, 66 ವಾಯುಸೇನೆಗೆ. ಬೆಂಗಳೂರಿನಲ್ಲೂ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಹೊಸ ಕಾರ್ಖಾನೆಯಲ್ಲೂ ಇವು ತಯಾರಾಗಬೇಕು.

ಒಂದೇ ಯಂತ್ರ, ಒಂದೇ ಕೆಲಸ, ಎರಡು ಮನೆ. ಎರಡು ತರಬೇತಿ, ಎರಡು ದುರಸ್ತಿ ಶಾಲೆ, ಬಿಡಿಭಾಗಕ್ಕೆ ಎರಡು ಉಗ್ರಾಣ. ಕಣಿವೆಯಲ್ಲಿ ಸಿಕ್ಕಿಬಿದ್ದ ತುಕಡಿಯೊಂದು ನೆರವು ಕೇಳಿದಾಗ ಹತ್ತಿರದಲ್ಲಿರುವ ಪ್ರಚಂಡ ಯಾವ ಮನೆಯದು ಎಂದು ಯಾರೋ ಫೋನಿನಲ್ಲಿ ವಿಚಾರಿಸುವ ಸಂದರ್ಭ ಬರಬಾರದು. ಈಗ ಭೂಸೇನೆ ಕಾಲಾಳು ಪಡೆಗಳಿಗೆ ಡ್ರೋನ್ ತುಕಡಿಗಳನ್ನೂ ಕೊಡುತ್ತಿದೆ. ಲೋಂಗೇವಾಲಾದಲ್ಲಿ ಕೃಷಕ್ ಮಾಡಿದ ಕೆಲಸವನ್ನು ಇನ್ನು ಒಬ್ಬ ಜವಾನ ಕೈಯಲ್ಲಿನ ಪರದೆ ನೋಡುತ್ತ ಮಾಡುತ್ತಾನೆ. ಆ ಪರದೆಯಲ್ಲಿ ಕಂಡದ್ದು ಹೆಲಿಕಾಪ್ಟರಿನ ಪೈಲಟ್‌ಗೂ ಅದೇ ಕ್ಷಣ ಕಾಣಬೇಕಾದರೆ ಇಬ್ಬರೂ ಒಂದೇ ಸೇನೆಯ ಒಂದೇ ಜಾಲದಲ್ಲಿರುವುದು ಮೇಲು.

ಒಪ್ಪಂದದ ಪ್ರಕಾರ ಹೊಸ ಪ್ರಚಂಡಗಳು ಕೈಸೇರುವುದು ಮೂರನೆಯ ವರ್ಷದಿಂದ, ಎಂದರೆ 2028ರ ಸುಮಾರಿಗೆ. ಅಷ್ಟರೊಳಗೆ ವಾಯುಸೇನೆಯ ಪಾಲಿನ ಆ 66ನ್ನೂ ಭೂಸೇನೆಯ ಲೆಕ್ಕಕ್ಕೆ ಬರೆಯಬೇಕೆಂದು ನಾನು ಕೇಳುತ್ತೇನೆ. ಈಗಾಗಲೇ ಅವನ್ನು ಹಾರಿಸಿ ಪಳಗಿದ ವಾಯುಸೇನೆಯ ಪೈಲಟ್‌ಗಳು ನಾಸಿಕದ ಶಾಲೆಯಲ್ಲಿ ಗುರುಗಳಾಗಲಿ. ಬದಲಿಗೆ ಭೂಸೇನೆ ತನ್ನ ಒಂದೊಂದು ಬೆಟಾಲಿಯನ್‌ನಿಂದ ಆಯ್ದ ಅಧಿಕಾರಿಗಳನ್ನು ಲೋಹಗಾಂವ್‌ನಂಥ ನೆಲೆಗಳಿಗೆ ಕಳಿಸಿ, ಸುಖೋಯ್ ಪೈಲಟ್‌ನ ಜೊತೆ ಕೂತು ಗುರಿ ಹೇಳುವುದನ್ನು ಕಲಿಸಲಿ. ವರ್ಷಕ್ಕೊಮ್ಮೆ ಪ್ರದರ್ಶನಕ್ಕೆಂದು ಮಾಡುವ ತಾಲೀಮು ಸಾಲದು. ಮಳೆ, ಮಂಜು, ಕತ್ತಲೆ ಮೂರರಲ್ಲೂ, ಹಿಮಾಲಯದ ನಿಜವಾದ ಎತ್ತರದಲ್ಲಿ ಅದು ನಡೆಯಬೇಕು. ಗುಬ್ಬಿಯ ಕಾರ್ಖಾನೆಯಿಂದ ಹೊರಬರುವ ಮೊದಲ ಯಂತ್ರದ ಬಾಲದ ಮೇಲೆ ಯಾವ ಸೇನೆಯ ಹೆಸರು ಬರೆಯುತ್ತಾರೆ ಎಂಬುದನ್ನು ಕರ್ನಾಟಕದ ಸಂಸದರೂ ಮಹಾರಾಷ್ಟ್ರದ ಸಂಸದರೂ ಈಗಲೇ ಲೋಕಸಭೆಯಲ್ಲಿ ಕೇಳಬೇಕು.